ತುಂಡಾದ ಮಾತು

"ಅಜ್ಜಿ… ಸಾಯ… ಬೇಕು."

ಪಡಸಾಲೆಯಲ್ಲಿ ಶೇಂಗಾ ಬಿಡಿಸುತ್ತಿದ್ದ ಕೆಂಪವ್ವನ ಕೈ ನಿಂತಿತು. ಸುತ್ತ ಯಾರೂ ಇರಲಿಲ್ಲ. ಮಾತು ಬಂದದ್ದು ಕಿವಿಯ ಮಷಿನ್ನಿನಿಂದ. ದನಿ ಸಾರಿಕಾಳದು, ಮೊಮ್ಮಗ ಹಾಲೇಶನ ಹೆಂಡತಿಯದು.

ಕಾಗಲದ ಈ ಹುಡುಗಿಯನ್ನು ಹಾಲೇಶ ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಕಿವಿ ತೋರಿಸಲೆಂದು ಅಜ್ಜಿಯನ್ನು ಹಾರೂಗೇರಿಯಿಂದ ಸದಲಗಾದ ತನ್ನ ಮನೆಗೆ ಕರೆತಂದವನು ಅವನೇ. ಮಷಿನ್ ಹಾಕಿಸಿ, ಹಳೆಯ ಫೋನೊಂದರಲ್ಲಿ ಅದರ ಆ್ಯಪ್ ಕೂಡಿಸಿಕೊಟ್ಟಿದ್ದ. ಫೋನು ಎಲ್ಲಿರುತ್ತದೋ ಅಲ್ಲಿಯ ಮಾತು ಅವಳ ಕಿವಿಗೆ. ಆದರೆ ಬೇರೆ ಆ್ಯಪಿನಲ್ಲಿ ಮೆಸೇಜು ಬಂದಾಗಲೆಲ್ಲ ಟಣ್ ಎನ್ನುತ್ತಿತ್ತು, ಮಾತು ತುಂಡಾಗುತ್ತಿತ್ತು.

ಫೋನು ಈಗ ಅಡುಗೆಮನೆಯಲ್ಲಿ ಚಾರ್ಜಿಗಿತ್ತು. ಒಳಗಿದ್ದವರಿಗೆ ಅದರ ನೆನಪಿದ್ದಂತಿರಲಿಲ್ಲ.

"ಅಜ್ಜಿಗೆ ಒಂದ ಮಾತು ಕೇಳೂಣಲ್ಲ?" ಹಾಲೇಶನ ದನಿ.

"ನಿಮಗೇನ್ ಹುಚ್ಚರೀ? ಗೊತ್ತಾದ್ರ ಒಲ್ಲೆ ಅಂತಾರ." ಟಣ್. "…ನಾನ ಬಾಯಾಗ ಹಾಕ್ತೀನಿ."

"ಹುಷಾರು. ಮುದುಕಿ ಗಟ್ಟಿ ಐತಿ."

"ನನಗಿಂತ ಏನಲ್ಲ ಬಿಡ್ರಿ!"

ಇಬ್ಬರೂ ನಕ್ಕರು.

ಕೆಂಪವ್ವ ಕೈಯಲ್ಲಿದ್ದ ಶೇಂಗಾ ಕೆಳಗಿಟ್ಟಳು. ನಿನ್ನೆ ಸಾರಿಕಾ ಅವಳ ಮುಂಗೈಯನ್ನು ಎರಡು ಬೆರಳಿನಲ್ಲಿ ಸುತ್ತಿ ಅಳೆದಿದ್ದಳು. ಅಳೆದವಳೇ ಎದ್ದುಹೋಗಿದ್ದಳು. ಮೊನ್ನೆ ತಲೆಗೆ ಎಣ್ಣೆ ಹಚ್ಚುವಾಗ, ಜಿಡ್ಡು ತಾಗೀತೆಂದು ಮಷಿನ್ನನ್ನು ತನ್ನ ಸೆರಗಿನ ತುದಿಯಲ್ಲಿ ಜೋಪಾನವಾಗಿ ಕಟ್ಟಿಕೊಂಡವಳೂ ಇವಳೇ. ಅಂಥ ಕೈ ಇಂಥ ಕೆಲಸ ಮಾಡೀತೆ?

ಅವಳು ಗೋಡೆ ಹಿಡಿದು ಎದ್ದಳು. ಚಪ್ಪಲಿ ಹುಡುಕುತ್ತ ನಿಲ್ಲಲಿಲ್ಲ. ಬರಿಗಾಲಲ್ಲೇ ಹೊಸ್ತಿಲು ಮುಟ್ಟುವಷ್ಟರಲ್ಲಿ ಸಾರಿಕಾ ಅಡ್ಡ ಬಂದಳು. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಮುಚ್ಚಿದ ಬಟ್ಟಲು.

"ಎಲ್ಲಿ ಹೊಂಟ್ರಿ ಅಜ್ಜಿ?"

"ಊರಿಗಿ."

"ಬರಿಗಾಲಾಗ? ಕುಂದರ್ರಿ ಸುಮ್ನ." ಫೋನು ಪಕ್ಕಕ್ಕಿಟ್ಟು, ಭುಜ ಒತ್ತಿ ಕೂರಿಸಿದಳು. "ಕಣ್ಣ ಮುಚ್ಚರಿ. ಬಾಯಿ ತೆರೀರಿ."

"ಬ್ಯಾಡ ನನ್ನವ್ವಾ. ನಿಮಗ ಭಾರ ಆಗೂದಿಲ್ಲ. ಹೊಕ್ಕೀನಿ, ಬಿಡು."

ಟಣ್. ಸಾರಿಕಾಳ ತುಟಿ ಅಲುಗಿತು, ಮಾತು ಕೇಳಲಿಲ್ಲ. ಬಾಗಿಲಲ್ಲಿ ಹಾಲೇಶ ನಿಂತು ನೋಡುತ್ತಿದ್ದ. ಕೂಗಿದರೆ ಯಾರು ಬಂದಾರು? ಚಮಚ ತುಟಿಗೆ ತಾಗಿತು. ತಳ್ಳುವ ತ್ರಾಣವಿಲ್ಲದೆ ಕೆಂಪವ್ವ ಕಣ್ಣು ಮುಚ್ಚಿದಳು, ದೇವರನ್ನು ನೆನೆದಳು, ಬಾಯಿ ತೆರೆದಳು.

ನಾಲಿಗೆಯ ಮೇಲೆ ತಣ್ಣಗೆ, ದಪ್ಪಗೆ ಏನೋ ಕುಳಿತಿತು. ಅದರೊಳಗೆ ಸಕ್ಕರೆ ಕರಗಲಾರಂಭಿಸಿತು.

"ಎಮ್ಮಿ ಹಾಲಿಂದರಿ. ನೀವು ಕೆನಿ ಅಂತೀರಿ, ನಮ್ಮ ಕಾಗಲದ ಮರಾಠ್ಯಾಗ ಸಾಯ ಅಂತೀವಿ," ಸಾರಿಕಾ ಇನ್ನೊಂದು ಚಮಚ ತುಂಬಿದಳು. "ಕೇಳಿದ್ರ ನೀವ ತಿನ್ರಿ ಅಂತೀರಿ. ಭಾಳ ಸೊರಗೀರಿ, ಅದಕ್ಕ ಇವರಿಗೆ ಆಗಳೇ ಹೇಳೀನಿ, ಅಜ್ಜಿಗೆ ದಿನಾ ಸಾಯ ಕೊಡಬೇಕು ಅಂತ."