ಕ್ಷೌರಿಕನ ಕೈ ತಪ್ಪಿದ್ದು

ಲೋಷನ್ ಬಾಟಲಿ ಹುಡುಗಿಯ ಕೈಯಿಂದ ಜಾರಿ ಕನ್ನಡಿಯ ಕೆಳಗೆ ಬಿದ್ದು ಚೂರುಚೂರಾಯಿತು. ಅಂಗಡಿಯೆಲ್ಲ ಘಮಘಮ. ಕುರ್ಚಿಯಲ್ಲಿ ಕೂತಿದ್ದ ಮುದುಕನ ಕೆನ್ನೆಗೆ ನೊರೆ ಹಚ್ಚುತ್ತಿದ್ದ ಕ್ಷೌರಿಕ ತಿರುಗಿ ಮಗಳನ್ನು ನೋಡಿದ. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

“ಮನೆಗೆ ನಡಿ, ನಿನಗಿದೆ,” ಎಂದ, ಅಷ್ಟೇ.

ಹಾಗೆಂದರೆ ಬೆಲ್ಟು ಎಂದು ಹುಡುಗಿಗೆ ಗೊತ್ತು. ಹೋದ ಸಲದ ಬಾಸುಂಡೆ ಬೆನ್ನಿನಿಂದ ಇನ್ನೂ ಮಾಸಿರಲಿಲ್ಲ. ವಿಚಿತ್ರ ನೋಡಿ, ಇದೇ ಮನುಷ್ಯನ ಕೈ ಎಷ್ಟು ಹಗುರವೆಂದರೆ, ರಂಪ ಮಾಡಿಕೊಂಡು ಬಂದ ಕೂಸುಗಳೂ ಈ ಅಂಗಡಿಯಲ್ಲಿ ತಲೆ ಕೊಟ್ಟು ನಿದ್ದೆ ಹೋಗುತ್ತವೆ. ಅವು ಗಿರಾಕಿಗಳ ಕೂಸು! ಮನೆಯದಕ್ಕೆ ನ್ಯಾಯವೇ ಬೇರೆ.

“ಬಿಡಬೇಡ ಕಣೋ ಮಗನೇ,” ಎಂದ ಮುದುಕ ನೊರೆಯೊಳಗಿಂದಲೇ. ಅವನು ಹುಡುಗಿಯ ಅಜ್ಜ. “ಹೆಣ್ಣುಮಗು ಅಂತ ತಲೆ ಮೇಲೆ ಕೂರಿಸ್ಕೊಂಡ್ರೆ ಮುಗೀತು ಕಥೆ. ನಿನಗೇನು ನಾನು ಕಮ್ಮಿ ಬಾರಿಸಿದೀನಾ? ಈಗ ಕೆಟ್ಟುಹೋಗಿದೀಯಾ?”

“ಇಲ್ಲಪ್ಪಾ. ನೀವು ಹೊಡೆದಿದ್ದಕ್ಕೇ ಅಲ್ವಾ ನಾನು ಮನುಷ್ಯ ಆಗಿದ್ದು.” ಮಾತು ಸಲೀಸಾಗಿ ಬಂತು. ಕೇಳಿದವರಿಗೆಲ್ಲ ಕ್ಷೌರಿಕ ಇದನ್ನೇ ಹೇಳುತ್ತ ಬಂದಿದ್ದ, ನಂಬಿಯೂ ಇದ್ದ. “ಅಲ್ಲಾಡಬೇಡಿ, ಕತ್ತಿ ಇಡ್ತೀನಿ.”

ಕತ್ತಿ ಕಿವಿಯ ಬುಡದಿಂದ ಸರ್ರನೆ ಇಳಿಯಿತು. ಹುಡುಗಿ ಕುಕ್ಕರುಗಾಲಿನಲ್ಲಿ ಕೂತು ಗಾಜು ಆಯುತ್ತಿದ್ದಳು. ಅಷ್ಟರಲ್ಲಿ ಹಾಳಾದ ನೊಣವೊಂದು ಎಲ್ಲಿಂದಲೋ ಬಂದು ಅಜ್ಜನ ಹಣೆಯ ಮೇಲೆ ಕೂತಿತು. ತನಗೆ ಹೊದಿಸಿದ್ದ ಬಟ್ಟೆಯ ಕೆಳಗಿಂದ ಅಜ್ಜ ರಪ್ಪನೆ ಕೈ ಎತ್ತಿದ.

ಕ್ಷೌರಿಕ ಗೋಡೆಯವರೆಗೆ ಹಿಂದಕ್ಕೆ ಹಾರಿದ್ದ. ಮೊಣಕೈ ಮುಖಕ್ಕೆ ಅಡ್ಡ, ಕಣ್ಣು ಮುಚ್ಚಿದೆ, ಕುತ್ತಿಗೆ ಹೆಗಲೊಳಗೆ ಹುದುಗಿದೆ. ಮೀಸೆ ನರೆಯತೊಡಗಿದ ಗಂಡಸು! ಅಜ್ಜನ ಕೆನ್ನೆಯ ನೊರೆಯಲ್ಲಿ ಕೆಂಪು ಗೆರೆಯೊಂದು ಇಳಿಯುತ್ತಿತ್ತು. ಇಷ್ಟು ವರ್ಷದಲ್ಲಿ ಆ ಕೈ ಯಾವ ಗಿರಾಕಿಯನ್ನೂ ಗೀರಿದ್ದಿಲ್ಲ.

“ಥೂ ಇವನ! ನೊಣ ಓಡಿಸಿದ್ದು ಕಣೋ,” ಎಂದು ಅಜ್ಜ ನಕ್ಕ. ಮಗನ ಮೊಣಕೈ ಇನ್ನೂ ಇಳಿಯದಿರುವುದು ಕನ್ನಡಿಯಲ್ಲಿ ಕಂಡೊಡನೆ ಆ ನಗು ಅರ್ಧಕ್ಕೇ ನಿಂತಿತು.

ಹುಡುಗಿ ಎದ್ದು ಬಂದಳು. ಬೆಲ್ಟು ಮೇಲೆದ್ದಾಗಲೆಲ್ಲ ಅವಳೂ ಹೀಗೇ ಮೊಣಕೈ ಅಡ್ಡ ಹಿಡಿಯುತ್ತಾಳೆ. ಅಪ್ಪನ ಮೇಲೆ ಎಂದೂ ಬರದಿದ್ದ ಕನಿಕರ ಈಗ ಬಂತು. ಅವನ ಕೈಯಿಂದ ಕತ್ತಿ ಬಿಡಿಸಿ ಮೇಜಿನ ಮೇಲಿಟ್ಟಳು. ಹತ್ತಿಯನ್ನು ಅಜ್ಜನ ಕೆನ್ನೆಗೆ ಒತ್ತಿ ಹಿಡಿದು, ಬುದ್ಧಿ ಹೇಳುವ ದನಿಯಲ್ಲಿ ಮೆಲ್ಲಗೆ ಅಂದಳು:

“ಅಜ್ಜಾ, ಇನ್ಮೇಲೆ ಕೈ ಎತ್ತೋ ಮುಂಚೆ ಯಾಕೆ ಅಂತ ಹೇಳ್ಬಿಡು. ನಮಗೆ ಗೊತ್ತಾಗಲ್ಲ.”