ಒಡಹುಟ್ಟಿದವರು

“ಇವರು ನಿಮಗೆ ಏನಾಗಬೇಕು?”

ಅಧ್ಯಕ್ಷೆ ಕೇಳಿದ್ದು ಮಗುವೂ ಉತ್ತರಿಸಬಹುದಾದ ಪ್ರಶ್ನೆ. ಕ್ರೀಡಾ ಸಂಸ್ಥೆಯ ವಿಚಾರಣೆಯ ಕೋಣೆ. ಉದ್ದನೆಯ ಮೇಜಿನ ಈಚೆ ದೂರು ಕೊಟ್ಟ ತಂಗಿಗೆ ಒಂದು ಕುರ್ಚಿ, ಯಾರ ಮೇಲೆ ದೂರೋ ಅವಳಿಗೆ ಮೊಳ ದೂರದಲ್ಲಿ ಇನ್ನೊಂದು.

“ಒಡಹುಟ್ಟಿದವರು,” ಎಂದಳು ತಂಗಿ.

“ಅದು ಗೊತ್ತು. ಅಣ್ಣನೋ, ಅಕ್ಕನೋ?”

ಗಂಡುಮಗುವೆಂದು ತೊಟ್ಟಿಲಲ್ಲಿ ತೂಗಿಸಿಕೊಂಡು, ಹರೆಯವೆಲ್ಲ ಹುಡುಗರ ಜೊತೆ ಓಡಿ, ಆಮೇಲೊಂದು ದಿನ ತಾನು ಹೆಣ್ಣೆಂದು ಮನೆಯವರೆದುರು ಬಾಯಿಬಿಟ್ಟು ಹೇಳಿದವಳು ಆ ಇನ್ನೊಂದು ಕುರ್ಚಿಯಲ್ಲಿದ್ದವಳು. ಅಪ್ಪ ಅಂದಿನಿಂದ ಮಾತು ಬಿಟ್ಟ. ಅಮ್ಮ ಅತ್ತು ಅತ್ತು ಸುಮ್ಮನಾದಳು. ಮೊಟ್ಟಮೊದಲು ‘ಅಕ್ಕ’ ಎಂದು ಕರೆದದ್ದು ತಂಗಿಯೇ. ಹಾರ್ಮೋನ್ ಔಷಧಿ ಶುರುವಾಗಿ ಅಕ್ಕನ ವೇಗ ಇಳಿಯುತ್ತ ಬಂದಾಗ ಮೈದಾನದ ಮೆಟ್ಟಿಲ ಮೇಲೆ ಪಕ್ಕದಲ್ಲಿ ಕೂತು ಸಮಾಧಾನ ಹೇಳಿದ್ದೂ ಅವಳೇ. ಆದರೆ ತಂಗಿ ಓಡುತ್ತಿದ್ದ ಹೆಂಗಸರ ಎಂಟುನೂರು ಮೀಟರ್ ಓಟಕ್ಕೇ ಅಕ್ಕನಿಗೂ ಅನುಮತಿ ಸಿಕ್ಕಾಗ, ತನಗೆ ಹೇಳಿಕೊಳ್ಳಲು ಅವಳಿಗೆ ಒಂದು ಸಮಾಧಾನವೂ ಸಿಗಲಿಲ್ಲ.

ತಂಡದಲ್ಲಿ ಒಬ್ಬಳಿಗಷ್ಟೇ ಜಾಗವಿತ್ತು. ಆಯ್ಕೆಯ ದಿನ ತಂಗಿ ಓಡಿದ ಹಾಗೆ ಜನ್ಮದಲ್ಲಿ ಓಡಿರಲಿಲ್ಲ. ಕೊನೆಯ ತಿರುವಿನಲ್ಲಿ ಎದೆಗೂಡು ಉರಿಯುತ್ತಿತ್ತು, ಬಾಯಲ್ಲಿ ರಕ್ತದ ರುಚಿ. ಇನ್ನೇನು ಗೆದ್ದೆ ಎನ್ನುವಾಗ ಅಕ್ಕನ ಉದ್ದನೆಯ ಕಾಲುಗಳು ಪಕ್ಕದಿಂದ ಅವಳನ್ನು ದಾಟಿಕೊಂಡು ಹೋದವು. ಅವತ್ತು ಅಡುಗೆಮನೆಯಲ್ಲಿ ಜಗಳವಾಯಿತು.

“ಈ ಸಲ ಬಿಟ್ಟುಕೊಡು. ನಂಗಿದು ಕೊನೇ ಅವಕಾಶ. ಎಷ್ಟು ಬೆವರು ಸುರಿಸಿದ್ರೂ ನಂಗೆ ಆ ಕಾಲು ಬರಲ್ಲ.”

“ನಾನೇನು ಕದ್ದು ತಂದಿದ್ದಲ್ಲ ಪುಟ್ಟಿ. ಏನೇನು ಬಿಟ್ಟು ಬಂದಿದ್ದೀನಿ ನಿಂಗೇ ಗೊತ್ತು. ಇನ್ನು ಓಡೋದನ್ನೂ ಬಿಡು ಅಂತೀಯಾ?”

ಮರುದಿನವೇ ತಂಗಿ ದೂರು ಕೊಟ್ಟಳು. ದ್ವೇಷ ಇರಲಿಲ್ಲ, ಹೊಟ್ಟೆಯೊಳಗೆ ಕೆಂಡ ಇಟ್ಟುಕೊಂಡು ಬದುಕಲು ಆಗಲಿಲ್ಲ, ಅಷ್ಟೇ. ವಿಚಾರಣೆಯ ದಿನ ಅವಳ ಕೋಚ್ ಆ ಕೋಣೆಯ ಬಾಗಿಲ ತನಕ ಬಂದು ಕಿವಿಮಾತು ಹೇಳಿದ್ದರು: “ಅಣ್ಣ ಅಂತಲೇ ಹೇಳು. ಒಂದ್ಸಲ ಅಕ್ಕ ಅಂದ್ಯೋ, ನಿನ್ನ ಕಾಲ ಮೇಲೆ ನೀನೇ ಕಲ್ಲು ಹಾಕ್ಕೊಂಡ ಹಾಗೆ.”

“ಅಣ್ಣ,” ಎಂದಳು ತಂಗಿ.

ಅಕ್ಕ ತಲೆ ಎತ್ತಲಿಲ್ಲ. ಮುಂದಿದ್ದ ನೀರಿನ ಲೋಟದ ಮುಚ್ಚಳ ತೆಗೆದಳು, ಕುಡಿಯದೆ ಮತ್ತೆ ಮುಚ್ಚಿದಳು. ನಿಮ್ಮದೇನಾದರೂ ಹೇಳುವುದಿದೆಯೇ ಎಂದು ಕೇಳಿದಾಗ ಮೆಲ್ಲಗೆ ಬಾಯಿ ತೆರೆದಳು.

“ಅವಳ ಸಂಕಟ ಸುಳ್ಳಲ್ಲ ಮೇಡಂ. ಆದ್ರೆ ಗಂಡಸರ ಜೊತೆ ಓಡಿದ್ರೆ ಈಗ ನಾನು ಎಲ್ಲರಿಗಿಂತ ಹಿಂದೆ, ಹೆಂಗಸರ ಜೊತೆ ಓಡಿದ್ರೆ ಕಳ್ಳಿ. ಎಲ್ಲಿ ಓಡ್ಬೇಕು ಅಂತ ನೀವೇ ಹೇಳಿಬಿಡಿ. ಅಲ್ಲಿಗೇ ಹೋಗ್ತೀನಿ.”

ಅಧ್ಯಕ್ಷೆಯೂ ಒಂದು ಕಾಲದ ಓಟಗಾರ್ತಿ. ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. “ಅದು ಇವತ್ತು ನಮ್ಮ ಮುಂದಿರೋ ವಿಷಯ ಅಲ್ಲಮ್ಮ,” ಎಂದರು. ಬಾಯಿತಪ್ಪಿ ಬಂದ ಆ ‘ಅಮ್ಮ’ ತಂಗಿಯೊಬ್ಬಳಿಗೇ ಕೇಳಿಸಿತೋ ಏನೋ, ಉಳಿದವರು ಯಾರೂ ಕತ್ತು ತಿರುಗಿಸಲಿಲ್ಲ.

ತೀರ್ಪಿಗೆ ಕಾಯುತ್ತ ಹೊರಗಿನ ಬೆಂಚಿನ ಮೇಲೆ ಅಮ್ಮ ಕೂತಿದ್ದಳು. ಅವಳ ಆಚೆಗೊಬ್ಬಳು, ಈಚೆಗೊಬ್ಬಳು. ಕೋಚ್ ಸುಮ್ಮನಿರಲಾರದೆ, “ನೀವು ಯಾರ ಕಡೆ, ಅಮ್ಮಾ?” ಎಂದರು.

“ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಹಚ್ಚೋಳಲ್ಲಪ್ಪ ನಾನು,” ಎಂದಳು ಅಮ್ಮ. “ಇವತ್ತು ಎರಡಕ್ಕೂ ಸುಣ್ಣವೇ ಬಿದ್ದಿದೆ.”

ಮಧ್ಯಾಹ್ನದ ಹೊತ್ತಿಗೆ ತೀರ್ಪು ಬಂತು. ಜಾಗ ತಂಗಿಯದಾಯಿತು. ಅಕ್ಕ ಇನ್ನು ಹೆಂಗಸರ ಓಟಕ್ಕೆ ಇಳಿಯುವಂತಿಲ್ಲ.

ಕಟ್ಟಡದ ಮೆಟ್ಟಿಲ ಮೇಲೆ ಕ್ಯಾಮೆರಾಗಳು, ಮುಖಪರಿಚಯವೂ ಇಲ್ಲದ ಜನ. ಆಯ್ಕೆಯಲ್ಲಿ ಮೂರನೆಯವಳಾಗಿ ಬಂದಿದ್ದ ಹುಡುಗಿ ಓಡಿಬಂದು ತಂಗಿಯ ಎರಡೂ ಕೈ ಹಿಡಿದುಕೊಂಡಳು. “ನಮಗ್ಯಾರಿಗೂ ಬಾಯಿ ಬಿಡೋ ಧೈರ್ಯ ಇರ್ಲಿಲ್ಲ ಅಕ್ಕ,” ಎಂದು ಅತ್ತೇಬಿಟ್ಟಳು. ಆ ಅಳುವಿನಲ್ಲಿ ನಟನೆ ಇರಲಿಲ್ಲ. ತಂಗಿಯ ಕಣ್ಣೂ ತುಂಬಿತು. ಅಷ್ಟರಲ್ಲಿ ಯಾವನೋ ದಪ್ಪನೆಯ ಮನುಷ್ಯ ಅವಳ ಹೆಗಲ ಮೇಲೆ ಕೈ ಇಟ್ಟ.

“ನಮ್ಮ ಹೆಣ್ಣುಮಕ್ಕಳ ಮಾನ ಉಳಿಸಿದೆ ತಾಯಿ! ಅವನನ್ನ ಅಲ್ಲೇ ಬಟ್ಟೆ ಬಿಚ್ಚಿಸಿ ಓಡಿಸ್ಬೇಕಾಗಿತ್ತು.”

ಸುತ್ತಲೂ ನಗು ಎದ್ದಿತು. ಆ ಕೈಯನ್ನು ಕೊಡವಿ ಹಾಕಬೇಕೆಂದುಕೊಂಡಳು ತಂಗಿ. ಹೆಗಲು ಅಲ್ಲಾಡಲಿಲ್ಲ.

ಅದೇ ಹೊತ್ತಿಗೆ ಅಕ್ಕ ಬಾಗಿಲಿನಿಂದ ಹೊರಗೆ ಬಂದಳು. ಶಿಳ್ಳೆ ಬಿತ್ತು, ಜನ ಇಬ್ಬದಿಗೆ ಸರಿದು ದಾರಿ ಬಿಟ್ಟರು. ಯಾರೋ ಉಗಿದರು, ಎಂಜಲು ಅವಳ ತೋಳಿನ ಮೇಲೆ ಬಿತ್ತು. ಅಷ್ಟು ಓಡಬಲ್ಲವಳು ಅವತ್ತು ಹೆಜ್ಜೆಯನ್ನೂ ಬಿರುಸುಗೊಳಿಸಲಿಲ್ಲ. ಒಂದೊಂದೇ ಮೆಟ್ಟಿಲು ಇಳಿದಳು. ಜನರ ನಡುವೆ ದಾರಿ ಮಾಡಿಕೊಂಡು ಅಮ್ಮ ಅವಳ ಬಳಿ ಬಂದಳು, ಬರಿಗೈಯಿಂದಲೇ ಆ ಎಂಜಲು ಒರೆಸಿದಳು.

“ಅಮ್ಮಾ, ಕಾರು ಈ ಕಡೆ ಇದೆ!” ತಂಗಿ ಕೂಗಿದಳು. “ಕೋಚ್ ಮನೆತನಕ ಬಿಡ್ತಾರಂತೆ, ಬಾ!”

ಅಮ್ಮ ತಿರುಗಿ ನೋಡಿದಳು. ಮುಖದಲ್ಲಿ ಸಿಟ್ಟಿರಲಿಲ್ಲ.

“ನೀನು ಹೋಗಮ್ಮ. ನಿನ್ನ ಜೊತೆ ಇಷ್ಟೊಂದು ಜನ ಇದ್ದಾರೆ.”