ದೇವರ ಮೀನು

ನೆರೆ ಇಳಿದ ಮೇಲೆ ದೇವಸ್ಥಾನದ ಮೆಟ್ಟಿಲ ಬಳಿ ದೇವರ ಮೀನುಗಳು ಎಂದೂ ಇಲ್ಲದಷ್ಟು ಹೆಚ್ಚಾಗಿದ್ದವು. ಬಂದವರಿಗೆಲ್ಲ ಇದು ಪವಾಡ ಎಂದು ಹೇಳಿ ಹೇಳಿ ಭಟ್ಟರು ತಾವೂ ನಂಬಿಬಿಟ್ಟಿದ್ದರು.

ಅವರು ಮಂಡಕ್ಕಿ ಎರಚುತ್ತಿದ್ದಾಗ ಮೇಲಿನೂರಿನ ಮೀನು ಸಾಕಣೆಯವನು ತಗಡಿನ ಬಕೆಟ್ ಹಿಡಿದು ಬಂದ.

“ಭಟ್ರೇ, ಇವು ನಮ್ಮ ಹೊಂಡದವು. ಒಡ್ಡು ಒಡೆದು ಹೊಳೆ ಸೇರಿದ್ವು. ನಿಮ್ಮ ದೇವರ ಮೀನು ಇವುಗಳ ಹೊಟ್ಟೆ ಸೇರಿರ್ಬೇಕು.”

“ಬಾಯಿ ಮುಚ್ಚೋ! ಎಲ್ಲಿ ನಿಂತು ಏನು ಮಾತಾಡ್ತಿದ್ದೀಯ?”

ಅವನು ಬಕೆಟ್ಟಿನ ತಳಕ್ಕೆ ಡಣಡಣ ಬಡಿದ. ಮೇವಿನ ಹೊತ್ತಾಯಿತೆಂದು ಮೀನುಗಳೆಲ್ಲ ಮಂಡಕ್ಕಿ ಬಿಟ್ಟು ಅವನತ್ತ ಮುಗಿಬಿದ್ದವು. ಭಟ್ಟರ ಮುಂದೆ ಒಂದೂ ಉಳಿಯಲಿಲ್ಲ.

ಅವರು ಅತ್ತಿತ್ತ ನೋಡಿ ದನಿ ತಗ್ಗಿಸಿದರು.

“ನಾಳೆ ಹುಣ್ಣಿಮೆ, ಜನ ಬರ್ತಾರೆ. ಆ ಬಕೆಟ್ ಇಲ್ಲೇ ಬಿಟ್ಟು ಹೋಗು.”